ಸ್ತನ ಕ್ಯಾನ್ಸರ್ ನಂತರದ ಬದುಕಿಗೆ ತಂತ್ರಜ್ಞಾನದ ಆಸರೆ

ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆಗಳು ಮುಗಿದ ಮೇಲೂ ಸ್ತನ ಕ್ಯಾನ್ಸರಿನ ತೊಂದರೆಗಳು ಮುಗಿಯುವುದಿಲ್ಲ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಿದ್ದರೆ ತೋಳು ಊದಿಕೊಳ್ಳಬಹುದು. ಹಾರ್ಮೋನು ತಡೆಯುವ ಮಾತ್ರೆಗಳನ್ನು 5ರಿಂದ 10 ವರ್ಷ ನುಂಗಬೇಕಾದ ಹಲವರಿಗೆ ಕೀಲುನೋವು, ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ನಿದ್ರೆಗೇಡು ಕಾಡುತ್ತವೆ. ರೋಗ ಮರುಕಳಿಸೀತೆಂಬ ಭಯವೂ ಜೊತೆಗಿರುತ್ತದೆ. ಆಸ್ಪತ್ರೆಯ ಭೇಟಿಗಳು ವಿರಳವಾಗುವುದೂ ಇದೇ ಹೊತ್ತಿನಲ್ಲಿ.

ಅಲ್ಪಸಂಖ್ಯಾತ ಸಮುದಾಯಗಳ ಮಹಿಳೆಯರಿಗೆ ಈ ಹೊರೆ ಇನ್ನೂ ಭಾರ. ಅಮೆರಿಕದಲ್ಲಿ ಕಪ್ಪು ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವ ಪ್ರಮಾಣ ಬಿಳಿಯರಿಗಿಂತ ತುಸು ಕಡಿಮೆ. ಅದರಿಂದ ಸಾಯುವ ಪ್ರಮಾಣ ಮಾತ್ರ ಸುಮಾರು ಶೇ 40ರಷ್ಟು ಹೆಚ್ಚು. ರೋಗ ತಡವಾಗಿ ಪತ್ತೆಯಾಗುವುದು, ವಿಮೆಯ ಕೊರತೆ, ಚಿಕಿತ್ಸೆಯ ವಿಳಂಬ, ಹಾರ್ಮೋನು ಮಾತ್ರೆಗಳಿಗೆ ಬಗ್ಗದ ಬಗೆಯ ಕ್ಯಾನ್ಸರ್ ಅವರಲ್ಲಿ ಹೆಚ್ಚಿರುವುದು ಇದರ ಕಾರಣಗಳಲ್ಲಿ ಕೆಲವು. ಸ್ಪ್ಯಾನಿಷ್ ಮಾತಾಡುವವರಿಗೆ ಆಸ್ಪತ್ರೆಯ ಇಂಗ್ಲಿಷ್ ಮಾತು ತೊಡಕು. ಏಷ್ಯಾ ಮೂಲದ ಅನೇಕರು ನೋವನ್ನು ಹೇಳಿಕೊಳ್ಳದೆ ನುಂಗಿಕೊಳ್ಳುತ್ತಾರೆ.

ಮನೆಯಲ್ಲೇ ನೆರವು ಸಿಗುವಂತೆ ಮಾಡುವ ಪ್ರಯತ್ನ ಸ್ಮಾರ್ಟ್‌ಫೋನಿಗಿಂತ ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗುಸ್ಟಾಫ್‌ಸನ್ ಅವರ ತಂಡ ರೂಪಿಸಿದ ‘ಚೆಸ್’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ರೋಗದ ಮಾಹಿತಿ, ತಜ್ಞರನ್ನು ಪ್ರಶ್ನೆ ಕೇಳುವ ಅವಕಾಶ, ರೋಗಿಗಳೇ ಪರಸ್ಪರ ಮಾತಾಡಿಕೊಳ್ಳುವ ಗುಂಪು ಇದ್ದವು. ಡೆಟ್ರಾಯಿಟ್ ನಗರದ ಮತ್ತು ವಿಸ್ಕಾನ್ಸಿನ್ ಹಳ್ಳಿಗಾಡಿನ ಬಡ ಮಹಿಳೆಯರಿಗೆ ಕಂಪ್ಯೂಟರ್, ಇಂಟರ್‌ನೆಟ್ ಮತ್ತು ತರಬೇತಿ ಒದಗಿಸಿದಾಗ ಅವರು ಅದನ್ನು ಚೆನ್ನಾಗಿ ಬಳಸಿಕೊಂಡರು. ಬಿಳಿಯ ಮಹಿಳೆಯರು ಚರ್ಚಾಗುಂಪಿನತ್ತ ಹೆಚ್ಚು ವಾಲಿದರೆ, ಕಪ್ಪು ಮಹಿಳೆಯರು ಮಾಹಿತಿಯ ಭಾಗವನ್ನು ಹೆಚ್ಚು ಬಳಸಿದರು. ಬಡವರಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂಬ ಊಹೆ ಹುಸಿಯಾಯಿತು. ಕೊರತೆಯಿದ್ದದ್ದು ಸೌಲಭ್ಯದ್ದು.

ನರ್ಸಿಂಗ್ ಸಂಶೋಧಕಿ ಉನ್-ಓಕ್ ಇಮ್ ಅವರ ತಂಡ ಏಷ್ಯನ್ ಅಮೆರಿಕನ್ನರಿಗಾಗಿ ರೂಪಿಸಿದ ಕಾರ್ಯಕ್ರಮ ಇಂಗ್ಲಿಷ್ ಜೊತೆಗೆ ಚೀನಿ, ಕೊರಿಯನ್, ಜಪಾನಿ ಭಾಷೆಗಳಲ್ಲಿದೆ. ಆನ್‌ಲೈನ್ ಪಾಠಗಳಲ್ಲದೆ, ಆಯಾ ಸಮುದಾಯದ ರೀತಿ-ರಿವಾಜು ಬಲ್ಲ ನರ್ಸುಗಳು ಗುಂಪಿನಲ್ಲೂ ಒಬ್ಬೊಬ್ಬರಿಗೂ ಮಾರ್ಗದರ್ಶನ ನೀಡುತ್ತಾರೆ. ಮುಖಾಮುಖಿ ಹೇಳಲು ಸಂಕೋಚವೆನಿಸುವುದನ್ನು ಇಲ್ಲಿ ಬರೆದು ಕೇಳಬಹುದು.

ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬೆಟಿನಾ ಯಾನೆಜ್ ಮತ್ತು ಸಂಗಡಿಗರು ಲ್ಯಾಟಿನ್ ಅಮೆರಿಕ ಮೂಲದ ಮಹಿಳೆಯರಿಗಾಗಿ ಇಂಗ್ಲಿಷ್ ಹಾಗೂ ಸ್ಪ್ಯಾನಿಷ್‌ನಲ್ಲಿ ‘ಮೈ ಗೈಡ್’ ಎಂಬ ಆ್ಯಪ್ ಸಿದ್ಧಪಡಿಸಿದರು. ಆ್ಯಪನ್ನು ಕಡಿಮೆ ಬಳಸುತ್ತಿದ್ದವರಿಗೆ ಫೋನ್ ಮಾಡಿ ಹುರಿದುಂಬಿಸುವ ಏರ್ಪಾಡೂ ಇತ್ತು. 6 ವಾರಗಳ ಪ್ರಯೋಗದಲ್ಲಿ ಈ ಆ್ಯಪ್ ಬಳಸಿದವರ ಕ್ಷೇಮ ಸುಧಾರಿಸಿತು. ಹೋಲಿಕೆಗಾಗಿ ಬೇರೊಂದು ಆರೋಗ್ಯ ಆ್ಯಪ್ ಪಡೆದವರಲ್ಲೂ ಹಾಗೆಯೇ ಆಯಿತು. ಆದರೆ ಬಳಕೆಯ ಅವಧಿ ಮುಗಿದ ಮೇಲೆ ಆ ಗಳಿಕೆ ಉಳಿಯಲಿಲ್ಲ. ಅಲ್ಪಕಾಲದ ಆಸರೆಯಿಂದ ದೀರ್ಘಕಾಲದ ಅಗತ್ಯ ನೀಗುವುದಿಲ್ಲ ಎಂಬುದು ಇದರಿಂದ ತಿಳಿಯುವ ಪಾಠ.

ಇಂಥ ಸೇವೆಗಳಿಗೆ ಮಿತಿಗಳೂ ಇವೆ. ಮನೆಮಂದಿಯೆಲ್ಲ ಬಳಸುವ ಫೋನಿನಲ್ಲಿ ರೋಗದ ಗುಟ್ಟು ಉಳಿಯದು. ವಯಸ್ಸಾದವರಿಗೆ ಬಳಕೆಯನ್ನು ಕಲಿಸಬೇಕು. ಇಂಗ್ಲಿಷ್ ಪಠ್ಯವನ್ನು ಯಂತ್ರದಿಂದ ಅನುವಾದಿಸಿದರೆ ಸಾಲದು. ಊಟ, ನಂಬಿಕೆ, ಕುಟುಂಬದ ರೀತಿಗಳನ್ನು ಅರಿತು ಬರೆಯಬೇಕು. ಹೊಸ ಗಂಟು, ಜ್ವರ, ಉಸಿರಾಟದ ತೊಂದರೆ ಕಂಡರೆ ಆ್ಯಪ್ ನೋಡುತ್ತ ಕೂರದೆ ವೈದ್ಯರನ್ನೇ ಕಾಣಬೇಕು.

ತಾಯ್ನುಡಿಯ ಮಾಹಿತಿ, ಕೈಗೆಟಕುವ ಸಾಧನ, ಕೇಳಿದಾಗ ಉತ್ತರಿಸುವ ಮನುಷ್ಯರು: ಈ ಮೂರೂ ಕೂಡಿದಾಗಲೇ ತಂತ್ರಜ್ಞಾನ ನಿಜವಾದ ಆಸರೆಯಾಗುತ್ತದೆ.