ಒಂದು ‘ಹಚ್ಚು’, ಇಂಗ್ಲಿಷಿನಲ್ಲಿ ಹಲವು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಆಡುಮಾತಿನಲ್ಲಿ ‘ಹಚ್ಚು’ ಎಂಬ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ದೀಪ ಹಚ್ಚುತ್ತಾರೆ, ಫ್ಯಾನ್ ಹಚ್ಚುತ್ತಾರೆ, ಹೊಲದಲ್ಲಿ ಕಬ್ಬು ಹಚ್ಚುತ್ತಾರೆ, ಫೋನನ್ನೂ ಹಚ್ಚುತ್ತಾರೆ. ಎಂಥ ಸೊಗಸಾದ ಮಿತವ್ಯಯ! ಇಂಗ್ಲಿಷಿನಲ್ಲಿ ಮಾತ್ರ ಒಂದೊಂದು ನಾಮಪದಕ್ಕೂ ಬೇರೆ ಜೊತೆಗಾರ: ಲೈಟ್ ಎ ಲ್ಯಾಂಪ್, ಟರ್ನ್ ಆನ್ ದ ಫ್ಯಾನ್, ಪ್ಲಾಂಟ್ ಶುಗರ್‌ಕೇನ್, ಮೇಕ್ ಎ ಕಾಲ್. ‘ಹಚ್ಚು’ ಎಂಬುದನ್ನು ನೇರವಾಗಿ ಅನುವಾದಿಸಿ ‘ಪುಟ್ ಎ ಫೋನ್’ ಎಂದರೆ ಕರೆ ಮಾಡುವ ಅರ್ಥವೇ ಬರುವುದಿಲ್ಲ.

ಇಂಥ ರೂಢಿಯ ಜೋಡಿಗಳಿಗೆ ‘ಕೊಲೊಕೇಶನ್’ ಎಂಬ ಹೆಸರನ್ನು 1950ರ ದಶಕದಲ್ಲಿ ಪ್ರಚಲಿತಗೊಳಿಸಿದವರು ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್.

ಸಂದರ್ಭವೂ ಪದವನ್ನು ಬದಲಿಸುತ್ತದೆ. ಮುಲಾಮಿನ ಟ್ಯೂಬಿನ ಮೇಲೆ ‘ಅಪ್ಲೈ’ ಎಂದು ಅಚ್ಚಾಗಿರುತ್ತದೆ. ಮನೆಯಲ್ಲಿ ಅದೇ ಮುಲಾಮು ಹಚ್ಚಲು ಹೇಳುವಾಗ ‘ಪುಟ್ ಸಮ್ ಆಯಿಂಟ್‌ಮೆಂಟ್ ಆನ್ ಇಟ್’ ಎನ್ನುವುದೇ ಸಹಜ.