ವಿನೋದೋದ್ಯಾನಕ್ಕೆ ಹೊರಡುವ ಮುನ್ನ

ಜಾತ್ರೆಯ ಬಯಲಿನಲ್ಲಿ ತಿರುಗುವ ತೊಟ್ಟಿಲನ್ನು ಕಾಣದವರು ನಮ್ಮಲ್ಲಿ ವಿರಳ. ಆ ತೊಟ್ಟಿಲಿನ ಹಿರಿಯಣ್ಣನೆನ್ನಬಹುದಾದ ಯಂತ್ರವೊಂದು 1893ರಲ್ಲಿ ಅಮೆರಿಕೆಯ ಷಿಕಾಗೋ ನಗರದ ಪ್ರದರ್ಶನದಲ್ಲಿ ಎದ್ದು ನಿಂತಿತು. ಜಾರ್ಜ್ ಫೆರಿಸ್ ಎಂಬ ಇಂಜಿನಿಯರು ಕಟ್ಟಿದ ಆ ಚಕ್ರದ ಎತ್ತರ ಸುಮಾರು 80 ಮೀಟರು. ಅದರ 36 ಗೂಡುಗಳಲ್ಲಿ ಒಮ್ಮೆಗೆ ಎರಡು ಸಾವಿರಕ್ಕೂ ಮಿಕ್ಕ ಜನ ಹಿಡಿಯುತ್ತಿದ್ದರು. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲಂತೂ, ಇಂಥ ಆಟಗಳನ್ನೆಲ್ಲ ಒಂದೇ ಬೇಲಿಯೊಳಗೆ ಕೂಡಿಸಿ ಇಡೀ ಕುಟುಂಬವನ್ನು ದಿನವೆಲ್ಲ ರಂಜಿಸುವ ಪದ್ಧತಿ ಲೋಕಪ್ರಸಿದ್ಧವಾಯಿತು. ನಮ್ಮ ನಾಡಿನಲ್ಲಿಯೂ ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ಉದ್ಯಾನ ತೆರೆಯಿತು.

ಕಳೆದ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಮೊತ್ತಮೊದಲು ಅಲ್ಲಿಗೆ ಕರೆದೊಯ್ಯುವುದೆಂದು ನಾವು ನಿಶ್ಚಯಿಸಿದೆವು. ಶಿವಮೊಗ್ಗೆಯಿಂದ ರೈಲು, ಕೆಂಗೇರಿಯ ನಾದಿನಿಯ ಮನೆಯಲ್ಲಿ ಎರಡು ರಾತ್ರಿ, ಜನಸಂದಣಿ ಕಡಿಮೆಯಿರುವ ವಾರದ ನಡುವಿನ ಒಂದು ದಿನ: ಇಷ್ಟನ್ನು ಗೊತ್ತುಮಾಡಲು ಕಷ್ಟವೇನೂ ಆಗಲಿಲ್ಲ. ತೊಡಕು ಬೇರೆ ಕಡೆಯಿಂದ ಬಂದಿತು. ಏಳು ವರ್ಷದ ನಮ್ಮ ಮಗಳು ಚಿತ್ರದಲ್ಲಿ ತಲೆಕೆಳಗಾಗಿ ಓಡುವ ರೋಲರ್ ಕೋಸ್ಟರನ್ನು ಕಂಡು, ಏರಿದರೆ ಅದನ್ನೇ ಏರುವೆನೆಂದು ಹಟ ಹಿಡಿದಳು. ಅಂಥ ಆಟಗಳಿಗೆ ಕನಿಷ್ಠ ಎತ್ತರದ ನಿಯಮವುಂಟು. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆವು. 6 ಸೆಂಟಿಮೀಟರು ಕಡಿಮೆ!

“ದಪ್ಪ ಅಟ್ಟೆಯ ಬೂಟು ಹಾಕಿಸಿ ಸ್ವಾಮಿ, ಯಾರು ನೋಡುತ್ತಾರೆ?” ಎಂದರು ನೆರೆಮನೆಯ ಹಿರಿಯರು. ಅಳುವ ಮಗುವನ್ನು ಎದುರಿಗಿಟ್ಟುಕೊಂಡು ಕೇಳಿದಾಗ ಆ ಸಲಹೆ ನಮಗೂ ರುಚಿಸಿತೆಂಬುದನ್ನು ಮರೆಮಾಚಲಾರೆವು. ಆ ರಾತ್ರಿ ಕಾಗದ, ಪೆನ್ಸಿಲು ಹಿಡಿದು ಕುಳಿತ ಮೇಲೆ ಮಾತ್ರ ನಮ್ಮ ಮನಸ್ಸು ತಿರುಗಿತು.

10 ಮೀಟರು ತ್ರಿಜ್ಯದ ಒಂದು ವೃತ್ತಾಕಾರದ ಹಳಿಯನ್ನು ಊಹಿಸಿಕೊಳ್ಳೋಣ. ಬಂಡಿ ಅದರ ನೆತ್ತಿಯನ್ನು ಹಳಿ ಬಿಡದೆ ದಾಟಬೇಕಾದರೆ, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಕನಿಷ್ಠ 25 ಮೀಟರು ಎತ್ತರದಿಂದ ಇಳಿದು ಬರಬೇಕು. ನೆತ್ತಿಯಲ್ಲಿ ಕುಳಿತವನಿಗೆ ತನ್ನ ಭಾರವೇ ತಿಳಿಯದು. ಆದರೆ ವೃತ್ತದ ಬುಡದಲ್ಲಿ ವೇಗ ಗಂಟೆಗೆ ಸುಮಾರು 80 ಕಿಲೋಮೀಟರಿಗೇರಿ, ಪೀಠವು ಅವನನ್ನು ಅವನ ತೂಕದ ಆರರಷ್ಟು ಬಲದಿಂದ ಒತ್ತುತ್ತದೆ. 20 ಕಿಲೋಗ್ರಾಮಿನ ಮಗುವಿಗೆ ತಾನು 120 ಕಿಲೋಗ್ರಾಮು ಇರುವಂತೆ ಭಾಸವಾಗುತ್ತದೆ! 1895ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಇಂಥದೇ ವೃತ್ತಾಕಾರದ ಹಳಿಯನ್ನು ಕಟ್ಟಿದ್ದರು; ಏರಿದವರ ಕುತ್ತಿಗೆಗೆ ನೋವು ತಂದು ಅದು ಅಪಕೀರ್ತಿ ಪಡೆಯಿತು. ಜರ್ಮನಿಯ ವೆರ್ನರ್ ಸ್ಟೆಂಗೆಲ್ ರೂಪಿಸಿ 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಓಡಿದ ಹಳಿಯ ಸುತ್ತು ವೃತ್ತವಲ್ಲ, ನೀರಹನಿಯ ಆಕಾರದ್ದು. ಬುಡದಲ್ಲಿ ತ್ರಿಜ್ಯ ದೊಡ್ಡದು, ನೆತ್ತಿಯಲ್ಲಿ ಚಿಕ್ಕದು. ಆದುದರಿಂದ ಬುಡದ ಒತ್ತಡ ಬಹಳಷ್ಟು ತಗ್ಗುತ್ತದೆ.

ತಗ್ಗಿದರೂ ಉಳಿಯುವ ಬಲ ಅಲ್ಪವಲ್ಲ. ಮೈಯನ್ನು ಪೀಠದಲ್ಲಿ ಹಿಡಿದಿಡುವುದು ಭುಜದ ಮೇಲೋ ತೊಡೆಯ ಮೇಲೋ ಕೂರುವ ಕಬ್ಬಿಣದ ಕಂಬಿ. ಅದು ಇಂತಿಷ್ಟು ಗಾತ್ರದ ಮೈಗೆಂದು ಮಾಡಿದ್ದು. ಗಿಡ್ಡ ಮೈಯಾದರೆ ನಡುವೆ ತೆರಪು ಉಳಿಯುತ್ತದೆ; ಬಂಡಿ ಥಟ್ಟನೆ ತಿರುಗಿದಾಗ ಮೈ ಜಡತ್ವದಿಂದ ಹಿಂದಿನ ದಿಕ್ಕಿನಲ್ಲಿಯೇ ಸಾಗಿ ಆ ತೆರಪಿನಲ್ಲಿ ಜಾರುತ್ತದೆ. ಇನ್ನು ದಪ್ಪ ಅಟ್ಟೆಯ ವಿಚಾರ. ನಿಂತಾಗ ಅದು ನೆತ್ತಿಯನ್ನು ಎತ್ತರಿಸುತ್ತದೆ, ನಿಜ. ಕುಳಿತಾಗ ಭುಜವನ್ನು ಒಂದು ಕೂದಲೆಳೆಯಷ್ಟಾದರೂ ಎತ್ತರಿಸುವುದೆ? ಬೂಟು ಕಾವಲುಗಾರನನ್ನು ವಂಚಿಸಬಲ್ಲುದು, ಕಂಬಿಯನ್ನು ವಂಚಿಸಲಾರದು.

ಮರುದಿನ ಮಗಳಿಗೆ ಇದನ್ನೆಲ್ಲ ಚಿತ್ರ ಬರೆದು ವಿವರಿಸಿದೆವು. ಅವಳು ಒಪ್ಪಲಿಲ್ಲ, ಬೆಳಿಗ್ಗೆ ಎದ್ದೊಡನೆ ಮತ್ತೊಮ್ಮೆ ಅಳೆಯಬೇಕೆಂದಳು. ಅಳೆದರೆ ಸುಮಾರು 1 ಸೆಂಟಿಮೀಟರು ಹೆಚ್ಚಿತ್ತು! ಬೆನ್ನುಮೂಳೆಗಳ ನಡುವಣ ಮೆತ್ತನೆಯ ಬಿಲ್ಲೆಗಳು ಹಗಲೆಲ್ಲ ದೇಹದ ಭಾರಕ್ಕೆ ಅಮುಕಿ, ರಾತ್ರಿ ಮಲಗಿದಾಗ ಮತ್ತೆ ಉಬ್ಬುವುದೇ ಇದರ ಕಾರಣ. “ಇನ್ನು ಐದೇ” ಎಂದು ಅವಳು ಬೆರಳು ಮಡಿಸಿದಳು.

ಉಳಿದ ಸಿದ್ಧತೆಗೂ ವಿಜ್ಞಾನ ನೆರವಾಯಿತು. ಸರತಿಯ ಸಾಲನ್ನೇ ನೋಡಿ. ಮುಂದಿರುವ ಜನರ ಸಂಖ್ಯೆಯನ್ನು ನಿಮಿಷಕ್ಕೆ ಒಳಹೋಗುವವರ ಸಂಖ್ಯೆಯಿಂದ ಭಾಗಿಸಿದರೆ ಕಾಯಬೇಕಾದ ಕಾಲ ದೊರೆಯುತ್ತದೆ. ಮೂರು ನಿಮಿಷಕ್ಕೊಮ್ಮೆ 24 ಮಂದಿ ಏರುವಲ್ಲಿ 240 ಮಂದಿ ಮುಂದಿದ್ದರೆ ಅರ್ಧ ಗಂಟೆ ಕಾಯಬೇಕು. ನಾಲ್ಕು ವರ್ಷದ ಮಗನ ತಾಳ್ಮೆ ಅಷ್ಟು ದೂರ ಬಾರದು. ಹೀಗಾಗಿ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಹು ಬೇಡಿಕೆಯ ಆಟವನ್ನು ಮೊದಲು ಮುಗಿಸುವುದೆಂದು ಗೊತ್ತುಮಾಡಿದೆವು. ತಿರುಗುವ ಆಟದಲ್ಲಿ ಒಳಕಿವಿ ಹೇಳುವುದೊಂದು, ಕಣ್ಣು ಹೇಳುವುದೊಂದು ಆಗಿ ಹೊಟ್ಟೆ ತೊಳಸುತ್ತದೆ. ಅಂತೆಯೇ ಬುತ್ತಿಯ ಮೊಸರನ್ನ ಆ ಆಟಗಳ ಅನಂತರವೇ. ನೀರಿನ ಕೊಳದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಚಿಕ್ಕ ಮೈಗೆ ತೂಕದ ಪ್ರಮಾಣದಲ್ಲಿ ಚರ್ಮದ ವಿಸ್ತಾರ ಹೆಚ್ಚು. ದೊಡ್ಡವರು ಹಾಯಾಗಿ ಈಜುತ್ತಿರುವಾಗಲೇ ಮಗುವಿನ ತುಟಿ ನೀಲಿಗಟ್ಟಬಹುದು. ಕಾಲುಗಂಟೆಗೊಮ್ಮೆ ಮಗನನ್ನು ಮೇಲೆತ್ತಿ, ಒರೆಸಿ, ಬಿಸಿಲಿನಲ್ಲಿ ಕೂರಿಸಿದೆವು. ಅವನು ಕಿರುಚಿದ, ನಾವು ಜಗ್ಗಲಿಲ್ಲ.

ಆ ದಿನ ದೊಡ್ಡ ಕೋಸ್ಟರಿನ ಬಳಿಗೆ ಬಂದಾಗ ನಮ್ಮ ಎದೆ ಸ್ವಲ್ಪ ಅಳುಕಿತು. ಮಗಳು ಅತ್ತಾಳೆಂದು ಎಣಿಸಿದ್ದೆವು. ಅವಳು ತಾನಾಗಿಯೇ ಹೋಗಿ ಅಳತೆಯ ಗೆರೆಯ ಕೆಳಗೆ ನೆಟ್ಟಗೆ ನಿಂತಳು. ತಲೆಯ ಮೇಲೆ ಕೈಯಿಟ್ಟು ತೆರಪನ್ನು ನೋಡಿದಳು. ಬಳಿಕ ತಮ್ಮನ ಕೈಹಿಡಿದು, ತಲೆಕೆಳಗಾಗಿ ಹೋಗುವ ಬಂಡಿಗಳನ್ನು ಬಹಳ ಹೊತ್ತು ದಿಟ್ಟಿಸಿ, “ಸುತ್ತು ನೀರಹನಿಯ ಹಾಗೇ ಇದೆ ಅಪ್ಪ” ಎಂದಳು.

ಊರಿಗೆ ಮರಳಿದ ಮೇಲೆ ಆ ವಯಸ್ಸಿನ ಮಕ್ಕಳು ವರ್ಷಕ್ಕೆ ಎಷ್ಟು ಬೆಳೆಯುವರೆಂದು ಕೇಳಿದಳು. ಸುಮಾರು 5ರಿಂದ 6 ಸೆಂಟಿಮೀಟರು ಎಂದೆವು. ಚೌಕಟ್ಟಿನ ಮೇಲೆ ಅವಳು ಎಳೆದ ಸೀಸದ ಗೆರೆಯ ಪಕ್ಕದಲ್ಲಿ ಈಗ ಮುಂದಿನ ಬೇಸಗೆಯ ತಾರೀಖು ಇದೆ.