ಒಂದು ‘ಇಂದ’, ಐದು ಇಂಗ್ಲಿಷ್ ಪದ

ಇನ್, ಆನ್, ಆಟ್, ಫ್ರಮ್, ಫಾರ್. ಇಂಥ ಚಿಕ್ಕ ಪದಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಪ್ರಿಪೊಸಿಷನ್ ಎನ್ನುತ್ತಾರೆ. ಕನ್ನಡದಲ್ಲಿ ಈ ಕೆಲಸವನ್ನು ಹೆಚ್ಚಾಗಿ ವಿಭಕ್ತಿ ಪ್ರತ್ಯಯ ಮಾಡುತ್ತದೆ. ನಮ್ಮದು ಹೆಸರಿನ ಕೊನೆಗೆ ಅಂಟುತ್ತದೆ, ಇಂಗ್ಲಿಷಿನದು ಹೆಸರಿಗಿಂತ ಮೊದಲೇ ಬರುತ್ತದೆ. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ನಮ್ಮ ಒಂದು ಪ್ರತ್ಯಯದ ಕೆಲಸವನ್ನು ಇಂಗ್ಲಿಷ್ ನಾಲ್ಕೈದು ಪದಗಳಿಗೆ ಹಂಚಿದೆ. ತೊಡಕು ಇರುವುದು ಅಲ್ಲಿ.

‘ಇಂದ’ವನ್ನೇ ನೋಡಿ. ಯಾದಗಿರಿಯಿಂದ ಬಂದೆ: ಫ್ರಮ್ ಯಾದಗಿರಿ. ಬಸ್ಸಿನಿಂದ ಇಳಿದೆ: ಆಫ್ ದ ಬಸ್. ಕುಡುಗೋಲಿನಿಂದ ಕೊಯ್ದೆ: ವಿತ್ ಎ ಸಿಕಲ್. ಐದು ವರ್ಷದಿಂದ: ಫಾರ್ ಫೈವ್ ಇಯರ್ಸ್. 2009ರಿಂದ: ಸಿನ್ಸ್ 2009. ಎಲ್ಲಕ್ಕೂ ಫ್ರಮ್ ಹಾಕಿದರೆ ತಪ್ಪಾಗುತ್ತದೆ.

ಫಾರ್ ಮತ್ತು ಸಿನ್ಸ್ ನಡುವೆ ಗೊಂದಲವೇ? ಎಷ್ಟು ಕಾಲ ಎಂದು ಹೇಳುವಾಗ ಫಾರ್, ಯಾವಾಗ ಶುರುವಾಯಿತು ಎಂದು ಹೇಳುವಾಗ ಸಿನ್ಸ್. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಆದ್ದರಿಂದ ‘ಯಾದಗಿರಿ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 2009’. ಇಲ್ಲಿ ‘ಈಸ್’ ಸಾಲದು. ಆಗ ಶುರುವಾಗಿ ಈಗಲೂ ಇರುವುದಕ್ಕೆ ‘ಹ್ಯಾಸ್ ಬೀನ್’ ಅಥವಾ ‘ಹ್ಯಾವ್ ಬೀನ್’ ಬೇಕು.

ಇನ್ನು ‘ಅಲ್ಲಿ’, ನಮ್ಮ ಯಾದಗಿರಿ ಕಡೆಯ ಆಡುಮಾತಿನ ‘ದಾಗ’. ಊರು, ತಿಂಗಳು, ವರ್ಷಕ್ಕೆ ಇನ್. ಮೇಲ್ಮೈಗೆ, ವಾರದ ದಿನಕ್ಕೆ, ತಾರೀಖಿಗೆ ಆನ್. ಗೊತ್ತಾದ ಒಂದು ಜಾಗಕ್ಕೆ, ಗಡಿಯಾರದ ವೇಳೆಗೆ ಆಟ್. ‘ಟೇಲರ್ ಮಂಜಿಲ್ ಈಸ್ ಆನ್ ಎ ಹಿಲ್ ಇನ್ ಸುರಪುರ’ (ಟೇಲರ್ ಮಂಜಿಲ್ ಎಂಬ ಬಂಗಲೆ ಸುರಪುರದ ಗುಡ್ಡದ ಮೇಲಿದೆ) ಎಂಬ ಒಂದೇ ವಾಕ್ಯದಲ್ಲಿ ಗುಡ್ಡಕ್ಕೆ ಆನ್, ಊರಿಗೆ ಇನ್ ಬಂದಿವೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರೆ ‘ಆಟ್ ದ ಬಸ್ ಸ್ಟ್ಯಾಂಡ್’. ಬಸ್ಸು ಹತ್ತಿ ಕೂತ ಮೇಲೆ ‘ಆನ್ ದ ಬಸ್’.

ಈಗ ಕ್ರಿಯಾಪದದ ರೂಪ, ಅಂದರೆ ವರ್ಬ್ ಫಾರ್ಮ್. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆಯುವವರು ಬಹಳ. ಕನ್ನಡದಲ್ಲಿ ನಾವು ‘ಹೋಗಲಿಲ್ಲ’ ಎನ್ನುತ್ತೇವೆ, ‘ಹೋದಲಿಲ್ಲ’ ಎನ್ನುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೆಯೇ. ಡಿಡ್ ಬಂದರೆ ಭೂತಕಾಲ ಅಲ್ಲಿಗೇ ಮುಗಿಯಿತು, ಮುಂದೆ ಮೂಲರೂಪ ‘ಗೋ’ ಮಾತ್ರ. ‘ಐ ಆಮ್ ನೋಯಿಂಗ್’ ಕೂಡ ಬೇಡ. ‘ಗೊತ್ತು’, ‘ಬೇಕು’ಗಳಿಗೆ ನಾವು ‘ಉತ್ತಾ ಇದ್ದೇನೆ’ ಸೇರಿಸುವುದಿಲ್ಲವಲ್ಲ, ನೋ, ವಾಂಟ್ ಪದಗಳಿಗೂ ಸಾಮಾನ್ಯವಾಗಿ ‘ಇಂಗ್’ ಸೇರುವುದಿಲ್ಲ. ವರ್ತಮಾನದಲ್ಲಿ ಹಿ, ಶಿ, ಇಟ್ ಬಂದಾಗ ಕ್ರಿಯಾಪದಕ್ಕೆ ಎಸ್ ಮರೆಯಬೇಡಿ: ಐ ವರ್ಕ್, ಶಿ ವರ್ಕ್ಸ್.

ಎಲ್ಲವನ್ನೂ ಬಾಯಿಪಾಠ ಮಾಡಬೇಕೆ ಎಂದು ಕೇಳಬಹುದು. ನಿಯಮ ಸಿಗದ ಕಡೆ ಜೋಡಿಯಾಗಿ ಕಲಿಯಿರಿ: ವೇಟ್ ಫಾರ್, ಲಿಸನ್ ಟು, ಡಿಪೆಂಡ್ ಆನ್, ಮ್ಯಾರೀಡ್ ಟು. ಡಿಸ್ಕಸ್ ಆದ ಮೇಲೆ ಬರುವ ವಿಷಯಕ್ಕೆ, ರೀಚ್ ಆದ ಮೇಲೆ ಬರುವ ಊರಿಗೆ ಯಾವ ಪ್ರಿಪೊಸಿಷನ್ನೂ ಬೇಡ. ‘ಡಿಸ್ಕಸ್ ಅಬೌಟ್’, ‘ರೀಚ್ಡ್ ಟು ಯಾದಗಿರಿ’ ಎರಡೂ ತಪ್ಪು.

ಇದನ್ನೆಲ್ಲ ಕಲಿಯಲು ದುಡ್ಡು ಸುರಿಯಬೇಕಿಲ್ಲ. ಸರ್ಕಾರಿ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ, ಪಾಠಗಳು ದೀಕ್ಷಾ ಆ್ಯಪ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟು, ಅಂದರೆ ಕಲಿಯುವವರಿಗೆಂದೇ ಮಾಡಿದ ನಿಘಂಟು, ಅಂತರಜಾಲದಲ್ಲಿ ಉಚಿತ. ಯಾವ ಪದದ ಜೊತೆ ಯಾವ ಪ್ರಿಪೊಸಿಷನ್ ಬರುತ್ತದೆ ಎಂಬುದನ್ನು ಅದು ಉದಾಹರಣೆ ಸಮೇತ ತೋರಿಸುತ್ತದೆ. ಫೋನಿನಲ್ಲಿ ಓದುವುದು ಒಗ್ಗದಿದ್ದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ವ್ಯಾಕರಣ ಪುಸ್ತಕ ಕೇಳಿ. ಕೊನೆಗೆ, ಇಂಗ್ಲಿಷಿನಲ್ಲಿ ಅರ್ಜಿಯನ್ನೋ ಪತ್ರವನ್ನೋ ಬರೆದ ಮೇಲೆ ಅದನ್ನು ಎರಡು ಸಲ ಓದಿ. ಮೊದಲ ಸಲ ಪ್ರಿಪೊಸಿಷನ್‌ಗಳನ್ನಷ್ಟೇ, ಎರಡನೇ ಸಲ ಕ್ರಿಯಾಪದಗಳನ್ನಷ್ಟೇ ನೋಡಿ. ಎರಡನ್ನೂ ಒಟ್ಟಿಗೆ ಹುಡುಕಲು ಹೋದರೆ ಒಂದು ಕಣ್ತಪ್ಪುತ್ತದೆ.